ಚದರದ ಲೆಕ್ಕದಲ್ಲಿ ಪೋರ್ಟಿಕೊ ಸೇರುತ್ತಾ?

ಪ್ರಶ್ನೆ: ಸಾರ್, ನಾನು ಗಾರೆ ಕೆಲಸದ ಮೇಸ್ತ್ರಿ. ಹತ್ತು ವರ್ಷ ಬೇರೆಯವರ ಹತ್ತಿರ ದುಡಿದು, ಎರಡು ವರ್ಷದಿಂದ ಸ್ವಂತವಾಗಿ ಲೇಬರ್ ಕಾಂಟ್ರಾಕ್ಟ್ ಹಿಡಿಯುತ್ತಿದ್ದೇನೆ. ಒಂದು 30x40 ಸೈಟಿನ ಮನೆಗೆ ಚದರಕ್ಕೆ (ನೂರು ಚದರ ಅಡಿಗೆ) 38,000 ಅಂತ ಬಾಯಲ್ಲೇ ಮಾತಾಗಿತ್ತು. ಈಗ ಕೆಲಸ ಮುಗಿದಿದೆ. ಓನರ್ ಮನೆಯ 8.5 ಚದರಕ್ಕೆ ಮಾತ್ರ ದುಡ್ಡು ಕೊಡುತ್ತೇನೆ, 10x8ರ ಪೋರ್ಟಿಕೊ, ಮಹಡಿಯ ಮೇಲೆ ಮೆಟ್ಟಿಲು ಮುಚ್ಚುವ 8x14ರ ಹೆಡ್ ರೂಮು, ಸಂಪು ಎಲ್ಲಾ ಅದರಲ್ಲೇ ಬಂತು ಅನ್ನುತ್ತಿದ್ದಾರೆ. ಆಳುಗಳ ಬಟವಾಡೆಯನ್ನು ಸಾಲ ಮಾಡಿ ಕೊಟ್ಟಿದ್ದೇನೆ. ಮುಂದಿನ ಕೆಲಸಕ್ಕೆ ಎಸ್ಟಿಮೇಟ್ ಹೇಗೆ ಬರೆಯಲಿ?
— ಒಬ್ಬ ಮೇಸ್ತ್ರಿ, ತುಮಕೂರು

ಉತ್ತರ: ನಿಮ್ಮ ಕಾಗದ ಓದಿ ಬೇಜಾರಾಯಿತು. ಬಟವಾಡೆಗೆ ಸಾಲ ಮಾಡುವ ಸಂಕಟ ನನಗೂ ಗೊತ್ತು.

ಮೊದಲು ಈಗಿನ ಜಗಳದ ಮಾತು. ನೀವು ಬರೆದ ಅಳತೆ ನೋಡಿದರೆ ಪೋರ್ಟಿಕೊ 10x8, ಅಂದರೆ 80 ಚದರ ಅಡಿ. ಹೆಡ್ ರೂಮು 8x14, ಅಂದರೆ 112. ಎರಡೂ ಸೇರಿ 192 ಚದರ ಅಡಿ, ಹತ್ತಿರ ಹತ್ತಿರ ಎರಡು ಚದರ. ನಿಮ್ಮ ದರದಲ್ಲಿ ಸುಮಾರು 73,000 ರೂಪಾಯಿ, ಇನ್ನೂ ಸಂಪು ಬೇರೆ. ಬಾಯಿಮಾತಿನ ಒಪ್ಪಂದಕ್ಕೂ 1872ರ ಕರಾರು ಕಾಯ್ದೆಯಲ್ಲಿ ಬೆಲೆ ಇದೆ, ಆದರೆ ಅವತ್ತು ಏನು ಮಾತಾಗಿತ್ತು ಅಂತ ತೋರಿಸೋದು ಹೇಗೆ? ಅದಕ್ಕೇ ಕೋರ್ಟಿನ ಮಾತು ಈಗಲೇ ಎತ್ತಬೇಡಿ. ಪ್ಲಾನ್ ಹಾಕಿದ ಎಂಜಿನಿಯರನ್ನು ಕರೆದುಕೊಂಡು ಹೋಗಿ, ಓನರ್ ಎದುರಿಗೇ ಟೇಪ್ ಹಿಡಿದು ಅಳೆಯಿರಿ. ಹೆಡ್ ರೂಮಿಗೆ ಗೋಡೆ ಇದೆ, ಮೋಲ್ಡ್ (ಕಾಂಕ್ರೀಟ್ ಛಾವಣಿ) ಇದೆ, ಅದಕ್ಕೆ ಪೂರ್ತಿ ದರ ಕೇಳಿ. ಗೋಡೆ ಇಲ್ಲದ ಪೋರ್ಟಿಕೊಗೆ ಅರ್ಧ ದರಕ್ಕೆ ಒಪ್ಪಿಕೊಳ್ಳುವುದು ಹಲವು ಕಡೆ ನಡೆಯುತ್ತದೆ, ನೀವೂ ಅಷ್ಟಕ್ಕೆ ಇಳಿಯಬಹುದು.

ಇನ್ನು ಮುಂದಿನ ಎಸ್ಟಿಮೇಟ್. ನೂರು ಚದರ ಅಡಿಗೆ ಒಂದು ಚದರ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಯಾವ ಜಾಗ ಅದರೊಳಗೆ ಬರುತ್ತದೆ ಅನ್ನುವುದರಲ್ಲಿ ಓನರ್ ಮನಸ್ಸಿನಲ್ಲಿ ಒಂದಿರುತ್ತದೆ, ನಿಮ್ಮ ಮನಸ್ಸಿನಲ್ಲಿ ಇನ್ನೊಂದಿರುತ್ತದೆ, ಇಬ್ಬರೂ ಪ್ರಾಮಾಣಿಕರೇ ಆಗಿದ್ದರೂ ಕೊನೆಗೆ ಮನಸ್ತಾಪ ಬರುವುದು ಇಲ್ಲೇ. ಹಾಗಾಗಿ ದರ ಬರೆಯುವ ಮೊದಲೇ ಅಳತೆ ಹೇಗೆ ಅಂತ ಬರೆಯಿರಿ: "ಗೋಡೆಯ ಹೊರಮೈಯಿಂದ ಹೊರಮೈಗೆ, ಹೆಡ್ ರೂಮು ಪೂರ್ತಿ, ಪೋರ್ಟಿಕೊ ಅರ್ಧ." ಒಂದೇ ಸಾಲು ಸಾಕು.

ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, ಈ ದರದಲ್ಲಿ ಸೇರದ ಕೆಲಸಗಳು ಅಂತ ಬರೆಯಿರಿ. ಎಸ್ಟಿಮೇಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ತುಂಬಾ ಮೇಸ್ತ್ರಿಗಳು ಇದನ್ನು ಬರೆಯಲು ಹೆದರುತ್ತಾರೆ, ಪಾರ್ಟಿ ಕೈಬಿಟ್ಟು ಹೋಗುತ್ತದೆ ಅಂತ. ಸಂಪು, ಕಾಂಪೌಂಡು, ಪಿಟ್ಟು, ಕಾಂಕ್ರೀಟು ಹಾಕುವಾಗ ಕೆಳಗೆ ಆಧಾರ ಕೊಡುವ ಸೆಂಟ್ರಿಂಗ್ ಶೀಟಿನ ಬಾಡಿಗೆ, ಅಡುಗೆಮನೆಯ ಕಡಪ ಕಲ್ಲು, ಕ್ಯೂರಿಂಗಿಗೆ ನೀರು ಹಾಕುವವರ ಕೂಲಿ, ಕರೆಂಟು. ಯಾವುದು ನಿಮ್ಮದು, ಯಾವುದು ಅವರದು, ಹೆಸರು ಹಿಡಿದು ಬರೆಯಿರಿ.

ಸಂಪಿನ ಲೆಕ್ಕ ಮಾತ್ರ ಸ್ವಲ್ಪ ಬಿಡಿಸಿ ತೋರಿಸಬೇಕು. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ ಅಂದರೆ 288 ಘನ ಅಡಿ, ಸುಮಾರು 8,150 ಲೀಟರ್ ನೀರು. ಓನರ್ ಕಣ್ಣಿಗೆ ಕಾಣುವುದು ಇಷ್ಟೇ. ನೀವು ತೋಡುವುದು ಎಷ್ಟು? ಸುತ್ತ 9 ಇಂಚಿನ ಗೋಡೆ, ಕೆಳಗೆ ಮೇಲೆ ಆರಾರು ಇಂಚು ಕಾಂಕ್ರೀಟು ಅಂತ ಇಟ್ಟುಕೊಂಡರೆ ಗುಂಡಿ 9.5x7.5x7 ಅಡಿ, ಅಂದರೆ ಹತ್ತಿರ ಹತ್ತಿರ 500 ಘನ ಅಡಿ ಮಣ್ಣು. ಆಳು ನಿಂತು ಕೆಲಸ ಮಾಡೋಕೆ ಜಾಗ ಬಿಟ್ಟರೆ ಇನ್ನೂ ಜಾಸ್ತಿ. ಇದನ್ನು ಒಂದು ಚಿತ್ರ ಬರೆದು ತೋರಿಸಿ, ನಾನು ಕಂಡಂತೆ ಹೆಚ್ಚಿನವರು ಆಮೇಲೆ ಚೌಕಾಸಿಗೆ ಬರುವುದಿಲ್ಲ.

ಚದರದ ಬದಲು ಪ್ಲಾಸ್ಟರಿಂಗ್ ಒಂದನ್ನೇ ಅಡಿ ಲೆಕ್ಕದಲ್ಲಿ ಹಿಡಿದರೆ ಬಾಗಿಲು ಕಿಟಕಿ ಕಳೆಯುವ ಪ್ರಶ್ನೆ ಬರುತ್ತದೆ. ಕಟ್ಟಡ ಕೆಲಸದ ಅಳತೆಗೆ ಇರುವ ಭಾರತೀಯ ಮಾನದಂಡ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ಕಂಡಿಗೆ ಏನೂ ಕಳೆಯುವಂತಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ, ಗೋಡೆಯ ಎರಡೂ ಬದಿ ಪ್ಲಾಸ್ಟರ್ ಆಗಿದ್ದರೂ, ಒಂದು ಬದಿ ಮಾತ್ರ ಕಳೆಯಬೇಕು, ಏಕೆಂದರೆ ಅಂಚು ತಿದ್ದುವ ಕೆಲಸಕ್ಕೆ ಬೇರೆ ದುಡ್ಡಿಲ್ಲ. 3x7ರ ಬಾಗಿಲು ಇದರೊಳಗೇ ಬರುತ್ತದೆ. ಓನರ್ ಎರಡೂ ಬದಿ ಕಳೆಯಿರಿ ಅಂದರೆ ಈ ನಿಯಮ ತೋರಿಸಿ.

ನಡುವೆ ಹೇಳುವ ಎಕ್ಸ್‌ಟ್ರಾ ಕೆಲಸಕ್ಕೆ ಅವತ್ತೇ ಸಂಜೆ ವಾಟ್ಸಾಪ್ ಹಾಕಿ. "ಸಾರ್, ಬೆಳಗ್ಗೆ ಹೇಳಿದ ಅಟ್ಟದ ಕೆಲಸ ಎಸ್ಟಿಮೇಟಿನಲ್ಲಿ ಇರಲಿಲ್ಲ, ಕೂಲಿ 6,500 ಆಗುತ್ತದೆ, ಸರಿ ಅಂದರೆ ನಾಳೆ ಶುರು ಮಾಡುತ್ತೇನೆ." ಉತ್ತರ ಬರುವವರೆಗೆ ಆ ಕೆಲಸ ಮುಟ್ಟಬೇಡಿ. ದುಡ್ಡನ್ನೂ ಹಂತ ಹಂತವಾಗಿ ತಗೊಳ್ಳಿ: ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರ್. ಮೋಲ್ಡ್ ಹಾಕುವ ದಿನ ಆಳು ಜಾಸ್ತಿ ಬೇಕು, ಆ ಕಂತು ಹಿಂದಿನ ದಿನವೇ ಕೈಗೆ ಬರಲಿ. ಮತ್ತೆ, ಎಸ್ಟಿಮೇಟನ್ನು ಕನ್ನಡದಲ್ಲೇ ಬರೆಯಿರಿ. ಮನೆ ಕಟ್ಟಿಸುವುದು ಒಬ್ಬರಾದರೂ ಸೈಟಿಗೆ ಬಂದು ನಿಲ್ಲುವವರು ಅವರ ತಾಯಿ, ಹೆಂಡತಿ, ಮಾವ. ಅವರೂ ಓದಬೇಕಲ್ವಾ.

ಪ್ರಶ್ನೆ: ಮೆಟೀರಿಯಲ್ ಸಮೇತ ಕೆಲಸ ಹಿಡಿದಿದ್ದೇನೆ. ಮಧ್ಯದಲ್ಲಿ ಕಬ್ಬಿಣದ ರೇಟು ಏರಿದರೆ ನಷ್ಟ ನನಗೇನಾ?
— ಶಿಕಾರಿಪುರದ ಓದುಗರು

ಉತ್ತರ: ಏನೂ ಬರೆಯದೆ ಒಟ್ಟು ಮೊತ್ತ ಒಪ್ಪಿಕೊಂಡಿದ್ದರೆ ಹೌದು, ಅದು ನಿಮ್ಮ ತಲೆಗೇ ಬರುತ್ತದೆ. 4 ಟನ್ ಕಬ್ಬಿಣ ಬೇಕಾದ ಮನೆಯಲ್ಲಿ ಕಿಲೋಗೆ 5 ರೂಪಾಯಿ ಏರಿದರೆ 20,000 ಹೋಯಿತು. ಇನ್ನೂ ಸಹಿ ಆಗಿಲ್ಲದಿದ್ದರೆ ಸಿಮೆಂಟು, ಕಬ್ಬಿಣ ಯಾವ ದರದಲ್ಲಿ ಹಿಡಿದಿದ್ದೀರಿ ಅಂತ ತಾರೀಖಿನ ಸಮೇತ ಬರೆಯಿರಿ, ಅದಕ್ಕಿಂತ ಏರಿದರೆ ವ್ಯತ್ಯಾಸ ಓನರ್ ಕೊಡಬೇಕು, ಇಳಿದರೆ ನೀವು ಬಿಡಬೇಕು ಅಂತಲೂ ಸೇರಿಸಿ. ಎಸ್ಟಿಮೇಟಿನ ದರ ಎಷ್ಟು ದಿನ ನಡೆಯುತ್ತದೆ ಅನ್ನುವುದೂ ಇರಲಿ, 15 ದಿನ ಸಾಕು. ಸಹಿ ಆಗಿಬಿಟ್ಟಿದ್ದರೆ ಅಡ್ವಾನ್ಸಿನಲ್ಲಿ ಕಬ್ಬಿಣವನ್ನು ಈಗಲೇ ಬುಕ್ ಮಾಡಿಸಿ, ಬಿಲ್ಲಿನ ಫೋಟೋ ಓನರಿಗೆ ಕಳಿಸಿ.