ಸಹಿಗಿಂತ ಮೊದಲು ಕಾರು ಯಾರದ್ದು?

ತಮ್ಮಾ, ದುಬೈಯಲ್ಲಿ ಇಸ್ಲಾಮಿಕ್ ಬ್ಯಾಂಕ್ ಕೆಲಸ ಸಿಕ್ಕಿದೆ, ಮುಸ್ಲಿಮನಲ್ಲದ ನನಗೆ ಅಲ್ಲಿ ಹೊಂದಿಕೊಳ್ಳುತ್ತಾ ಅಕ್ಕಾ ಅಂತ ಕೇಳಿದ್ದೀಯ. ಧೈರ್ಯವಾಗಿ ಬಾ. ಬಾಡಿಗೆ ಜಾಸ್ತಿ, ಶುರುವಿಗೆ ಶೇರಿಂಗ್ ರೂಮ್ ನೋಡು. ಕರಾಮಾ ಕಡೆ ಹೋದರೆ ನಮ್ಮ ಊಟಕ್ಕೆ ತೊಂದರೆ ಇಲ್ಲ.

ಧರ್ಮದ ಚಿಂತೆ ಬೇಡ, ಇಲ್ಲಿ ಎಲ್ಲರೂ ಕೆಲಸ ಮಾಡುತ್ತಾರೆ. ಆದರೆ ಬಡ್ಡಿಗೆ ಸಾಲ ಕೊಡುವ ಊರಿನ ಬ್ಯಾಂಕಿನ ಅಭ್ಯಾಸ ಬಿಡಬೇಕು. ನನಗೆ ಅದೇ ಕಷ್ಟ ಆಗಿದ್ದು.

ನಾನು ಸೇರಿದ ಹೊಸತು. ಕಾರು ಬೇಕಿದ್ದ ಗಿರಾಕಿಯೊಬ್ಬರು ಅವಸರ ಮಾಡಿದರು. ಶೋರೂಮಿನಿಂದ ಬ್ಯಾಂಕ್ ಕಾರು ಕೊಂಡ ಕಾಗದ ಇನ್ನೂ ಬಂದಿರಲಿಲ್ಲ. ನಾನು ಮಾರಾಟದ ಕರಾರಿಗೆ ಸಹಿ ಹಾಕಿಸಿಕೊಂಡೆ. ವ್ಯವಹಾರ ಶರಿಯಾ ಪ್ರಕಾರ, ಅಂದರೆ ಇಸ್ಲಾಮಿನ ನಿಯಮದಂತೆ, ನಡೆದಿದೆಯಾ ಅಂತ ನೋಡುವ ಶರಿಯಾ ಆಡಿಟ್‌ನವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ತಾರೀಖು ತೋರಿಸಿದರು. 11ಕ್ಕೆ ಮಾರಿದ್ದೆ, 12ಕ್ಕೆ ಕೊಂಡಿದ್ದೆ! ಆ ವ್ಯವಹಾರದ ಲಾಭವೆಲ್ಲ ದಾನಕ್ಕೆ ಹೋಯಿತು.

ಇಂಥ ಕಾರಿನ ವ್ಯವಹಾರಕ್ಕೆ ಮುರಾಬಹ ಅನ್ನುತ್ತಾರೆ. ಅದು ಸಾಲ ಅಲ್ಲ, ಮಾರಾಟ. ಬ್ಯಾಂಕ್ ಮೊದಲು ಕಾರು ಕೊಳ್ಳಬೇಕು. ಆಮೇಲೆ ಕೊಂಡ ಬೆಲೆ, ಲಾಭ ಎರಡನ್ನೂ ಬಿಚ್ಚಿ ಹೇಳಿ ಮಾರಬೇಕು. ಬ್ಯಾಂಕಿನದಾಗಿರುವಷ್ಟು ಹೊತ್ತು ಕಾರಿಗೆ ಏನಾದರೂ ಆದರೆ ನಷ್ಟ ಬ್ಯಾಂಕಿನದ್ದೇ. ಆ ಹೊಣೆ ಹೊತ್ತದ್ದಕ್ಕೇ ಲಾಭ ತಗೊಳ್ಳುವ ಹಕ್ಕು. ಒಮ್ಮೆ ಮಾತಾದ ಬೆಲೆ ಆಮೇಲೆ ಏರುವಂತಿಲ್ಲ. ಕಂತು ತಡವಾದರೆ ಹಾಕುವ ದಂಡವೂ ಬ್ಯಾಂಕಿನ ಆದಾಯ ಅಲ್ಲ, ದಾನಕ್ಕೇ.

"ಇದೂ ಬಡ್ಡಿಯೇ ಅಲ್ವಾ?" ಅಂತ ಗಿರಾಕಿಗಳು ಕೇಳುತ್ತಾರೆ. "ಎಲ್ಲಾ ಒಂದೇ, ಹೆಸರು ಬೇರೆ" ಅಂತ ಕೌಂಟರಿನಲ್ಲಿ ಕೂತವರೇ ಹೇಳಿದ್ದನ್ನು ಕೇಳಿದ್ದೇನೆ. ತುಂಬಾ ಬೇಸರವಾಯಿತು. ಬಡ್ಡಿ ಮುಟ್ಟಬಾರದು ಅಂತ ವರ್ಷಗಟ್ಟಲೆ ಕಾರಿಲ್ಲದೆ ಓಡಾಡಿದವರು ನಂಬಿಕೊಂಡು ಬಂದಿರುತ್ತಾರೆ. ಅವರಿಗೆ ಕೊಡಬೇಕಾದ ಉತ್ತರ ನಿನಗೆ ಗೊತ್ತಿಲ್ಲದಿದ್ದರೆ ಶರಿಯಾ ವಿಭಾಗಕ್ಕೆ ಫೋನ್ ಮಾಡಿ ಕೇಳು, ಸುಮ್ನೆ ಏನೋ ಹೇಳಬೇಡ. ಗಿರಾಕಿ ಹಣ ಹಾಕಿ ಬ್ಯಾಂಕ್ ಅದನ್ನು ವ್ಯಾಪಾರದಲ್ಲಿ ತೊಡಗಿಸುವ ಮುದಾರಬ ಖಾತೆ ತೆರೆಯುವವರಿಗಂತೂ ಲಾಭದಲ್ಲಿ ಪಾಲು ಇದೆ, ಬ್ಯಾಂಕಿನ ತಪ್ಪಿಲ್ಲದೆ ನಷ್ಟವಾದರೆ ಹಣ ಹಾಕಿದವರಿಗೇ ಅಂತ ಮೊದಲೇ ಹೇಳಬೇಕು. ಎಫ್‌ಡಿ ಥರ ಅಂತ ಹೇಳಿ ಮುಗಿಸಿದರೆ ಅದು ಮೋಸ.

ಕೆಲಸದಲ್ಲಿ ಕಾಲೂರಿದ ಮೇಲೆ ಬಹರೇನ್‌ನ ಅಯೋಫಿ ಸಂಸ್ಥೆಯ ಪರೀಕ್ಷೆ ಕಟ್ಟು. ಈ ಬ್ಯಾಂಕುಗಳ ಲೆಕ್ಕಕ್ಕೂ ಕರಾರಿಗೂ ಮಾನದಂಡ ಬರೆಯುವವರು ಅವರೇ.

ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡು. ವಿಮಾನ ಹತ್ತುವ ಮೊದಲು, ಸಾಲ ಅನ್ನುವ ಪದ ಒಮ್ಮೆಯೂ ಬಳಸದೆ, ನಿನ್ನ ಅಮ್ಮನಿಗೆ ಮುರಾಬಹ ವಿವರಿಸಿ ನೋಡು. ಅವರು ಎಲ್ಲಿ ತಡೆದು ಪ್ರಶ್ನೆ ಕೇಳಿದರು ಅಂತ ನನಗೆ ಬರೆ.