ಬೆಂಗಳೂರು ವಿಮಾನ: 33 ನಿಮಿಷದ ದಾರಿಗೆ ಒಂದೂಕಾಲು ಗಂಟೆ ಯಾಕೆ?

ಪ್ರಶ್ನೆ: ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದ ದಾರಿ ಸುಮಾರು 445 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದೆ. ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದಂತೆ. ಭಾಗಿಸಿದರೆ 33 ನಿಮಿಷ ಸಾಕಲ್ವಾ? ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಯಾಕೆ ಹಾಕಿರುತ್ತಾರೆ? ನನ್ನಂಥ ಗೋಕಾಕದವನಿಗೆ ವಿಮಾನ ಲಾಭವೇ?

ಉತ್ತರ: ನಿಮ್ಮ ಭಾಗಾಕಾರ ಸರಿಯಾಗಿದೆ. ಆದರೆ ಟಿಕೆಟ್‌ನಲ್ಲಿರುವುದು ಬರೀ ಹಾರುವ ಸಮಯವಲ್ಲ. ವಿಮಾನ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ನಿಂತ ಜಾಗದಿಂದ ಕದಲಿದಾಗ ಲೆಕ್ಕ ಶುರು. ಬೆಂಗಳೂರಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಾಗ ಮುಗಿಯುತ್ತದೆ. ಕೆಂಪೇಗೌಡ ನಿಲ್ದಾಣದಲ್ಲಂತೂ ಚಕ್ರ ನೆಲಕ್ಕೆ ತಾಗಿದ ಮೇಲೂ ಹತ್ತು ನಿಮಿಷ ಉರುಳಿಕೊಂಡೇ ಹೋಗುವುದುಂಟು. ದಟ್ಟಣೆಯಿದ್ದರೆ ಇಳಿಯುವ ಮುಂಚೆ ಆಕಾಶದಲ್ಲೇ ಸುತ್ತು ಹೊಡೆಸುತ್ತಾರೆ.

ಇನ್ನು ಆ 800ರ ವೇಗ. ಅದು ಜೆಟ್ ವಿಮಾನ ಪೂರ್ತಿ ಮೇಲೇರಿದ ನಂತರದ ಮಾತು. ಸುಮಾರು 30,000 ಅಡಿ ಏರಲು 150 ಕಿ.ಮೀ. ಆಸುಪಾಸು ಬೇಕು. ಇಳಿಯಲು ಇನ್ನೂ ಸ್ವಲ್ಪ ಜಾಸ್ತಿ. ಭೂಪಟದಲ್ಲಿ ಎರಡೂ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದು ನೋಡಿ. ಹುಬ್ಬಳ್ಳಿ ಪಕ್ಕದಲ್ಲಿ ಹಾದು, ಚಿತ್ರದುರ್ಗದ ನೆತ್ತಿಯ ಮೇಲೆ ಹೋಗುತ್ತದೆ. ಹಾವೇರಿ ಕಡೆಯ ಆಕಾಶದವರೆಗೆ ಏರುವುದೇ ಆಯಿತು, ಚಿತ್ರದುರ್ಗ ಬರುವಷ್ಟರಲ್ಲಿ ಇಳಿಯಲು ಶುರು. ನಡುವೆ ಪೂರ್ತಿ ವೇಗದಲ್ಲಿ ಓಡಲು ಸಿಗುವುದು ನೂರು ಚಿಲ್ಲರೆ ಕಿಲೋಮೀಟರ್, ಅಷ್ಟೇ! ಟಿಕೆಟ್ ಮೇಲೆ ಎಟಿಆರ್ ಅಂತ ಇದ್ದರೆ ಅದು ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಸಣ್ಣ ವಿಮಾನ. ಅದರ ವೇಗವೇ ಗಂಟೆಗೆ 500 ಕಿ.ಮೀ. ಸುತ್ತಮುತ್ತ.

ದೂರ ಹೆಚ್ಚಿದಷ್ಟೂ ಈ ಏರಿಳಿತದ ಖರ್ಚು ಕರಗುತ್ತದೆ. ಬೆಳಗಾವಿಯಿಂದ ದೆಹಲಿ ಸುಮಾರು 1,435 ಕಿ.ಮೀ., ಅಂದರೆ ಬೆಂಗಳೂರಿನ ಮೂರು ಪಟ್ಟಿಗಿಂತ ಜಾಸ್ತಿ. ಸಮಯ ಮಾತ್ರ ಎರಡೂವರೆ ಗಂಟೆ ಆಸುಪಾಸು, ಬರೀ ಎರಡು ಪಟ್ಟು.

ಈಗ ನಿಮ್ಮ ಮನೆಯಿಂದ ಲೆಕ್ಕ ಹಾಕೋಣ. ಗೋಕಾಕದಿಂದ ಸಾಂಬ್ರಾಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ, ಹಾಗಾಗಿ ಅಲ್ಲಿ ಒಂದೂವರೆ ಗಂಟೆ. ಹಾರಾಟ ಒಂದೂಕಾಲು. ಬ್ಯಾಗಿಗೆ ಕಾದು, ದೇವನಹಳ್ಳಿ ಕಡೆಯಿಂದ ಮೆಜೆಸ್ಟಿಕ್ ಸೇರಲು ಎರಡು ಗಂಟೆ. ಎಲ್ಲ ಸೇರಿ ಆರು ಗಂಟೆ ದಾಟಿತು.

ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಇದಕ್ಕಿಂತ ಎಷ್ಟೋ ನಿಧಾನ, ನಿಜ. ಆದರೆ ಸಂಜೆ ಘಟಪ್ರಭಾದಲ್ಲಿ ಹತ್ತಿದರೆ ಬೆಳಿಗ್ಗೆ ಊರೊಳಗೇ ಇಳಿಸುತ್ತದೆ, ರಾತ್ರಿ ನಿದ್ದೆಯೂ ಆಗಿರುತ್ತದೆ. ಕೆಲಸ ಬೆಳಿಗ್ಗೆಯೇ ಇದ್ದರೆ ನಾನಂತೂ ರೈಲೇ ಹತ್ತುತ್ತೇನೆ. ಮಧ್ಯಾಹ್ನದ ಕೆಲಸವಿದ್ದು, ಟಿಕೆಟ್ ಅಗ್ಗಕ್ಕೆ ಸಿಕ್ಕರೆ ವಿಮಾನ. ದೆಹಲಿಗಾದರೆ ಯೋಚನೆಯೇ ಬೇಡ: ರೈಲಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಕೂರಬೇಕು, ಸುಮ್ನೆ ವಿಮಾನ ಹತ್ತಿ.