ಸಹಿ ಯಾರದು, ಅಕ್ಷರ ಯಾರದು?

ನಮಸ್ಕಾರ. ಯುದ್ಧಕಾಲದಲ್ಲಿ ಸೇನಾನಾಯಕರು ಸಹಿ ಹಾಕಿದ ಪತ್ರಗಳನ್ನು ಕೂಡಿಡುವವರ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಭಾಗ ಚೆನ್ನಾಗಿದೆ. 1797ರಲ್ಲಿ ಟೆನರೀಫ್ ದ್ವೀಪದ ಕದನದಲ್ಲಿ ಬಲಗೈ ಹೋದ ಮೇಲೆ ಅವನು ಎಡಗೈಯಲ್ಲಿ ಬರೆಯತೊಡಗಿದ, ಹಾಗಾಗಿ ಅಕ್ಷರ ನೋಡಿದರೇ ಪತ್ರ ಮುಂಚಿನದೋ ಆಮೇಲಿನದೋ ಗೊತ್ತಾಗುತ್ತದೆ ಅಂದಿದ್ದೀರಿ. ಅದನ್ನು ಮುಟ್ಟಬೇಡಿ.

ನನಗೆ ಸಿಟ್ಟು ಬಂದದ್ದು ನಿಮ್ಮ ಗೆಳೆಯರ ಮನೆಯಲ್ಲಿ ಕಂಡ ಪತ್ರದ ಬಗ್ಗೆ ಬರೆದ ಈ ಸಾಲಿಗೆ: "1800ರಲ್ಲಿ ಧೋಂಡಿಯ ವಾಘ್‌ನ ಬೆನ್ನಟ್ಟುತ್ತಾ ಡ್ಯೂಕ್ ಆಫ್ ವೆಲಿಂಗ್ಟನ್ ತನ್ನ ಕೈಯಾರೆ ಬರೆದ ಆ ಪತ್ರದಲ್ಲಿ ಇತಿಹಾಸವೇ ನನ್ನೊಡನೆ ಮಾತಾಡಿತು."

ಮೊದಲು 'ಡ್ಯೂಕ್ ಆಫ್ ವೆಲಿಂಗ್ಟನ್'. ಟಿಪ್ಪು ಸತ್ತ ಮೇಲೆ ಬ್ರಿಟಿಷರ ವಿರುದ್ಧ ದಂಡು ಕಟ್ಟಿದ ಧೋಂಡಿಯನ ಹಿಂದೆ ಬಿದ್ದಾಗ, 1800ರಲ್ಲಿ, ಈ ಬ್ರಿಟಿಷ್ ಸೇನಾನಿ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ವೆಲಿಂಗ್ಟನ್ ಅನ್ನೋ ಹೆಸರು ಸಿಕ್ಕಿದ್ದು ಸ್ಪೇನಿನ ತಲವೆರಾ ಯುದ್ಧ ಗೆದ್ದ ಮೇಲೆ, 1809ರಲ್ಲಿ. ಡ್ಯೂಕ್ ಆದದ್ದು 1814ರಲ್ಲಿ. ಇನ್ನೂ ಹಿಂದೆ ಹೋದರೆ, 1798ರವರೆಗೆ ಅವನ ಸಹಿಯಲ್ಲಿ ಮನೆತನದ ಹೆಸರು 'ವೆಸ್ಲಿ' ಅಂತಲೇ ಇತ್ತು. ಪತ್ರ ಕೊಳ್ಳುವವನಿಗೆ ಇದು ಸಣ್ಣ ವಿಷಯ ಅಲ್ಲ. 1800ರ ತಾರೀಖಿನ ಕೆಳಗೆ 'ವೆಲಿಂಗ್ಟನ್' ಅಂತ ಸಹಿ ಇದ್ದರೆ ಅದು ಖೋಟಾ, ಅಲ್ಲಿಗೇ ಮುಗಿಯಿತು. ನೀವು ನೋಡಿದ ಸಹಿಯಲ್ಲಿ ಏನಿತ್ತು? ಅದನ್ನೇ ಬರೆದಿಲ್ಲವಲ್ಲ!

ಆಮೇಲೆ 'ತನ್ನ ಕೈಯಾರೆ'. ಹೇಗೆ ಗೊತ್ತಾಯಿತು? ವೆಲ್ಲೆಸ್ಲಿ ಸ್ವತಃ ಬರೆದ ಪತ್ರಗಳು ಬೇಕಾದಷ್ಟಿವೆ, ನಿಜ. ಆದರೆ ದಂಡಿನಲ್ಲಿ ಗುಮಾಸ್ತನ ಕೈಲಿ ಬರೆಸಿ ಕೆಳಗೆ ಸಹಿ ಹಾಕೋದು ಮಾಮೂಲು. ನೆಪೋಲಿಯನ್ ಅಕ್ಷರ ಓದಲಾಗದಷ್ಟು ಕೆಟ್ಟದ್ದು, ಅವನು ಹೆಚ್ಚಿನದನ್ನೆಲ್ಲ ಹೇಳಿ ಬರೆಸುತ್ತಿದ್ದ, ಎಷ್ಟೋ ಪತ್ರಗಳಲ್ಲಿ ಅವನದು ಅಂತ ಇರೋದು ಕೊನೆಯಲ್ಲಿ ಗೀಚಿದ 'ಎನ್‌ಪಿ' ಎರಡಕ್ಷರ ಮಾತ್ರ. ಪೂರ್ತಿ ಸ್ವಂತ ಕೈಬರಹದ ಪತ್ರಕ್ಕೂ ಬರೀ ಸಹಿ ಇರುವ ಪತ್ರಕ್ಕೂ ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಸಂಗ್ರಹಕಾರರು ಮೊದಲು ಕೇಳೋದೇ ಅದನ್ನು.

'ಇತಿಹಾಸವೇ ಮಾತಾಡಿತು' ಅನ್ನೋದು ನನಗೆ ಜಾಸ್ತಿ ನೋವು ಮಾಡಿತು, ಯಾಕೆಂದರೆ ಇದೇ ಮಾತನ್ನು ನಾನೂ ಬರೆದಿದ್ದೆ. ಪತ್ರಿಕೆಗೆ ಹೊಸದಾಗಿ ಸೇರಿದಾಗ ನಮ್ಮಜ್ಜನ ಮನೆಯ ಹಳೇ ಕ್ರಯಪತ್ರದ ಮೇಲೆ ಒಂದು ಲೇಖನ ಕೊಟ್ಟೆ. ನಮ್ಮ ಹಿರಿಯ ಸಂಪಾದಕರು ಏನೂ ಹೇಳದೆ ಮೇಜಿನಿಂದ ಭೂತಗನ್ನಡಿ ತೆಗೆದು ಕೊಟ್ಟು, "ಮತ್ತೆ ನೋಡಿ ಬಾರಪ್ಪ" ಅಂದರು. ಎರಡನೇ ಸಲವೂ ವಾಪಸ್ ಕಳಿಸಿದರು. ಮೂರನೇ ಸಲ ನೋಡುವಾಗ ಕಂಡಿತು: ಮಸಿ ದಟ್ಟವಾಗಿ ಬಿದ್ದ ಕಡೆ ಕಾಗದವೇ ತಿಂದುಹೋಗಿ ಅಕ್ಷರದ ಆಕಾರದಲ್ಲೇ ಸಣ್ಣ ತೂತು. ಹಳೇ ಕಬ್ಬಿಣದ ಮಸಿ ಹಾಗೇ ಮಾಡುತ್ತದೆ. ಸಾಲುಗಳ ಮಸಿ ಒಂದು ಬಣ್ಣ, ಸಹಿಯದು ಇನ್ನೊಂದು. ಬರೆದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು. ಅವತ್ತು ಲೇಖನ ಅಚ್ಚಿಗೆ ಹೋಯಿತು.

ನಿಮ್ಮ ಗೆಳೆಯರ ಮನೆಗೆ ಇನ್ನೊಮ್ಮೆ ಹೋಗಿ. ಪತ್ರವನ್ನು ಬೆಳಕಿಗೆ ಹಿಡಿಯಲು ಅವರನ್ನೇ ಕೇಳಿಕೊಳ್ಳಿ, ಕಾಗದದೊಳಗೆ ತಯಾರಕನ ಗುರುತು, ಇಸವಿ ಇದ್ದರೆ ಬರೆದುಕೊಳ್ಳಿ. ಸಹಿಯ ಮಸಿ, ಮೇಲಿನ ಸಾಲುಗಳ ಮಸಿ ಒಂದೇನಾ ನೋಡಿ. ಆ ಪುಟ ಮಾತ್ರ ಬರೆದು ಕಳಿಸಿ, ಕಾಯುತ್ತಿರುತ್ತೇನೆ.